ಹಳೇ ಕಛೇರಿ ಟೇಪಿಗೆ ಮರುಜೀವ: ಯಾವುದು ನಾಯ್ಸ್, ಯಾವುದು ಸಂಗೀತ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ದರೆ ಇವತ್ತು ದಯವಿಟ್ಟು ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಳ್ಳಿ. ಇವತ್ತಿನ ವಿಷಯವೇ ಕಿವಿಯದ್ದು.

ಯೂಟ್ಯೂಬಲ್ಲಿ ಹಳೇ ಸಂಗೀತ ಕಛೇರಿಗಳ ಆಡಿಯೋ ಕೇಳಿರ್ತೀರಿ. ಮಾಸಿದ ಒಂದು ಫೋಟೋ, ಅದರ ಕೆಳಗೆ 'ಅಪರೂಪದ ಲೈವ್ ರೆಕಾರ್ಡಿಂಗ್' ಅನ್ನೋ ಸಾಲು. ಪ್ಲೇ ಒತ್ತಿದರೆ ಮೊದಲು ಕೇಳೋದು 'ಸ್ಸ್ಸ್' ಅನ್ನೋ ಸದ್ದು. ಹಾಡು ಅದರ ಹಿಂದೆ ಎಲ್ಲೋ ದೂರದಲ್ಲಿರುತ್ತೆ. ಇನ್ನು ಕೆಲವು ವಿಡಿಯೋಗಳ ಮೇಲೆ 'ರೀಮಾಸ್ಟರ್ಡ್' ಅಂತ ದೊಡ್ಡದಾಗಿ ಬರೆದಿರುತ್ತೆ. ಅಲ್ಲಿ ಆ 'ಸ್ಸ್ಸ್' ಇಲ್ಲ, ನಿಜ. ಆದರೆ ಹಾಡುವವರು ನೀರಿನೊಳಗೆ ಮುಳುಗಿ ಹಾಡ್ತಿದ್ದಾರೇನೋ ಅನ್ನಿಸುತ್ತೆ. ಸದ್ದು ತೆಗೆಯೋಕೆ ಹೋಗಿ ಸಂಗೀತದ ಒಂದು ಪಾಲನ್ನೂ ತೆಗೆದುಬಿಟ್ಟಿದ್ದಾರೆ.

ಹಾಗಾದರೆ ಹಳೇ ಲೈವ್ ಟೇಪನ್ನು ಸರಿಯಾಗಿ ಉಳಿಸಿಕೊಳ್ಳೋದು ಹೇಗೆ? ಯಾವುದನ್ನು ತೆಗೀಬೇಕು, ಯಾವುದನ್ನು ಮುಟ್ಟಬಾರದು? ಇವತ್ತು ಇದನ್ನೇ ನೋಡೋಣ.

ರಾಕ್ ಹಾಲ್‌ನಲ್ಲಿ ಒಂದು ಸರೋದ್ ಕಛೇರಿ

1970ರ ಮೇ 29. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಸಮುದ್ರದ ದಂಡೆ ಹತ್ತಿರ ಫ್ಯಾಮಿಲಿ ಡಾಗ್ ಅನ್ನೋ ಹಾಲ್ ಇತ್ತು. ರಾಕ್ ಸಂಗೀತಕ್ಕೆ ಹೆಸರಾದ ಜಾಗ. ಆ ದಿನ ಅಲ್ಲಿ ಸರೋದ್ ಹಿಡಿದು ಕೂತವರು ಉಸ್ತಾದ್ ಅಲಿ ಅಕ್ಬರ್ ಖಾನ್. ಸಿತಾರ್‌ನಲ್ಲಿ ಇಂದ್ರನೀಲ್ ಭಟ್ಟಾಚಾರ್ಯ. ತಬಲಾದಲ್ಲಿ 19 ವರ್ಷದ ಒಬ್ಬ ಹುಡುಗ, ಜಾಕಿರ್ ಹುಸೇನ್.

ಆ ಕಛೇರಿಯನ್ನು ಸ್ಪೂಲ್ ಟೇಪಿಗೆ ಇಳಿಸಿದವರು ಔಸ್ಲಿ ಸ್ಟ್ಯಾನ್ಲಿ. ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ತಂಡದ ಸೌಂಡ್ ಎಂಜಿನಿಯರ್. ಎಲ್ಲರೂ ಅವರನ್ನು 'ಬೇರ್' ಅಂತ ಕರೀತಿದ್ದರು. ತಾವು ಸೌಂಡ್ ನೋಡಿಕೊಂಡ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡು, ಆಮೇಲೆ ಕೇಳಿ, ತಮ್ಮ ಕೆಲಸ ಎಲ್ಲಿ ಸರಿಯಾಯ್ತು ಎಲ್ಲಿ ಕೆಟ್ಟಿತು ಅಂತ ನೋಡೋದು ಅವರ ಪದ್ಧತಿ. ಮಾರೋ ಉದ್ದೇಶದ ಟೇಪ್ ಅಲ್ಲ, ಸದ್ದಿನ ದಿನಚರಿ ಇದ್ದ ಹಾಗೆ. ಹೀಗೆ ಅವರ ಹತ್ತಿರ ಸೇರಿದ ಟೇಪುಗಳು 1,300ಕ್ಕೂ ಹೆಚ್ಚು. 2011ರಲ್ಲಿ ಅವರು ತೀರಿಕೊಂಡ ಮೇಲೆ, ಅವರದೇ ಹೆಸರಿನ ಒಂದು ಪ್ರತಿಷ್ಠಾನ ಆ ಟೇಪುಗಳನ್ನು ಒಂದೊಂದಾಗಿ ಡಿಜಿಟಲ್ ಮಾಡೋಕೆ ಶುರು ಮಾಡ್ತು. ಅಲಿ ಅಕ್ಬರ್ ಖಾನ್ ಅವರ ಆ ಕಛೇರಿ 2020ರಲ್ಲಿ, ಅಂದರೆ 50 ವರ್ಷದ ಮೇಲೆ, ಆಲ್ಬಮ್ ಆಗಿ ಹೊರಬಂತು.

ಇದಕ್ಕೂ ನಮಗೂ ಒಂದು ನಂಟಿದೆ. ನಮ್ಮ ಪಂಡಿತ್ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನ್ ಅವರ ಶಿಷ್ಯರು. ರಾಜೀವ ತಾರಾನಾಥರು 2024ರ ಜೂನ್‌ನಲ್ಲಿ ಹೋದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಜಾಕಿರ್ ಹುಸೇನ್ ಹೋದರು. 19ನೇ ವಯಸ್ಸಿನ ಜಾಕಿರ್ ಕೈ ಹೇಗಿತ್ತು ಅನ್ನೋದನ್ನು ಇವತ್ತು ನೀವು ಫೋನಲ್ಲಿ ಕೇಳಬಹುದು ಅಂದರೆ, ಯಾರೋ ಅವತ್ತು ರೆಕಾರ್ಡ್ ಬಟನ್ ಒತ್ತಿದರು, ಇನ್ಯಾರೋ ಆ ಟೇಪ್ ಹಾಳಾಗೋ ಮೊದಲು ಯಂತ್ರಕ್ಕೆ ಹಾಕಿದರು. ಎರಡೂ ಆಗಬೇಕು.

ಅಷ್ಟಕ್ಕೂ ಟೇಪ್ ಅಂದರೆ ಏನು?

ಕ್ಯಾಸೆಟ್ ಕೈಯಲ್ಲೇ ಹಿಡಿಯದವರೂ ಈ ಶೋ ಕೇಳ್ತೀರಿ, ಗೊತ್ತು. ಅದಕ್ಕೆ ಚುಟುಕಾಗಿ ಹೇಳ್ತೀನಿ.

ಟೇಪ್ ಅಂದರೆ ತೆಳು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡ್‌ನಂಥ ಕಾಂತೀಯ ಪುಡಿ. ಪುಡಿ ಉದುರದಂತೆ ಹಿಡಿದಿಡೋಕೆ ಒಂದು ಅಂಟು. ರೆಕಾರ್ಡ್ ಮಾಡುವಾಗ ಸದ್ದು ವಿದ್ಯುತ್ ಆಗಿ, ವಿದ್ಯುತ್ ಕಾಂತಶಕ್ತಿಯಾಗಿ ಆ ಪುಡಿಯಲ್ಲಿ ಗುರುತು ಮೂಡಿಸುತ್ತೆ. ಪ್ಲೇ ಮಾಡುವಾಗ ಇದೇ ಉಲ್ಟಾ ನಡೆಯುತ್ತೆ.

ರೇಡಿಯೋದವರು, ಸ್ಟುಡಿಯೋದವರು ಬಳಸ್ತಿದ್ದ ಸ್ಪೂಲ್ ಟೇಪಿನ ಅಗಲ ಕಾಲು ಇಂಚು. ಕಾಲು ಇಂಚಿನ ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಅಥವಾ ಅದಕ್ಕಿಂತ ವೇಗವಾಗಿ ಓಡಿದರೆ ಸದ್ದಿನ ವಿವರ ಚೆನ್ನಾಗಿ ಕೂರುತ್ತೆ. 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರ್‌ಗಿಂತಲೂ ಕಡಿಮೆ ಅಗಲ. ಓಡೋ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್ ಅಷ್ಟೇ. ಜಾಗ ಕಡಿಮೆ, ವೇಗ ಕಡಿಮೆ, ಹಾಗಾಗಿ ಕ್ಯಾಸೆಟ್ಟಲ್ಲಿ ಆ 'ಸ್ಸ್ಸ್' ಜಾಸ್ತಿ. ಇದಕ್ಕೇ ಟೇಪ್ ಹಿಸ್ ಅನ್ನೋದು.

ಆದರೆ ಕ್ಯಾಸೆಟ್ ಅಗ್ಗ, ಜೇಬಲ್ಲಿ ಹಿಡಿಯುತ್ತೆ. ಅದು ಬಂದ ಮೇಲೆ ರಾಮನವಮಿ ಪೆಂಡಾಲ್‌ನಲ್ಲೋ ಗಣೇಶೋತ್ಸವದಲ್ಲೋ ಸ್ಪೀಕರ್ ಕಂಬದ ಪಕ್ಕ ಟೇಪ್‌ರೆಕಾರ್ಡರ್ ಇಟ್ಟು ಕೂರೋ ರಸಿಕರು ಊರೂರಲ್ಲೂ ಹುಟ್ಟಿಕೊಂಡರು. ನಮ್ಮ ಎಷ್ಟೋ ದೊಡ್ಡ ಗಾಯಕರ ಕಛೇರಿಗಳು ಉಳಿದಿರೋದು ಹೀಗೆ ಯಾರದೋ ಮನೆಯ ಅಟ್ಟದ ಮೇಲಿನ ಬಿಸ್ಕತ್ ಡಬ್ಬದಲ್ಲಿ. ಸಿ-90 ಕ್ಯಾಸೆಟ್ಟಿನ ಒಂದು ಪಕ್ಕ 45 ನಿಮಿಷ. ಒಂದು ರಾಗ ವಿಸ್ತಾರವಾಗಿ ಹಾಡುವಾಗ, ಸರಿಯಾಗಿ ಮುಖ್ಯ ಜಾಗದಲ್ಲೇ 'ಟಕ್' ಅಂತ ಪಕ್ಕ ಮುಗಿಯುತ್ತೆ. ಕ್ಯಾಸೆಟ್ ತಿರುಗಿಸಿ ಹಾಕೋ ಹೊತ್ತಿಗೆ ಹೋದ ಹತ್ತು ಸೆಕೆಂಡ್ ಹೋಯಿತು. ಅದನ್ನು ಯಾವ ಸಾಫ್ಟ್‌ವೇರೂ ತರೋದಿಲ್ಲ.

ಕಂಪ್ಯೂಟರ್‌ಗೂ ಮೊದಲಿನ ಕೆಲಸ

ರೀಮಾಸ್ಟರಿಂಗ್ ಅಂದ ತಕ್ಷಣ ನಮಗೆಲ್ಲ ಸಾಫ್ಟ್‌ವೇರ್ ನೆನಪಾಗುತ್ತೆ. ಆದರೆ ಅರ್ಧಕ್ಕಿಂತ ಹೆಚ್ಚು ಫಲಿತಾಂಶ ತೀರ್ಮಾನ ಆಗೋದು ಟೇಪು ಯಂತ್ರದಿಂದ ಕಂಪ್ಯೂಟರ್‌ಗೆ ಬರೋ ಹಂತದಲ್ಲೇ.

ಮೊದಲು ಟೇಪಿನ ಆರೋಗ್ಯ ನೋಡಬೇಕು. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಅಂಚಲ್ಲಿ ಬೂಷ್ಟು ಹಿಡಿಯುತ್ತೆ, ಬಿಳೀ ಪುಡಿ ಥರ ಕಾಣುತ್ತೆ. ಅದನ್ನು ಹಾಗೇ ಪ್ಲೇ ಮಾಡಬಾರದು. ಬೂಷ್ಟು ಯಂತ್ರಕ್ಕೆ ಹತ್ತಿ ಮುಂದಿನ ಟೇಪಿಗೂ ಹರಡುತ್ತೆ, ಉಸಿರಾಟಕ್ಕೂ ಒಳ್ಳೇದಲ್ಲ. ಇನ್ನು ಕ್ಯಾಸೆಟ್ಟಿನ ಒಳಗೆ ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯೋ ಒಂದು ಪುಟ್ಟ ಪ್ಯಾಡ್ ಇರುತ್ತೆ. ಅದು ಉದುರಿದ್ದರೆ ಸದ್ದು ಮಂಕು. ಆಗ ಟೇಪನ್ನು ನಿಧಾನಕ್ಕೆ ತೆಗೆದು ಇನ್ನೊಂದು ಒಳ್ಳೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕ್ತಾರೆ.

1970, 80ರ ದಶಕದ ಕೆಲವು ಸ್ಪೂಲ್ ಟೇಪುಗಳಿಗೆ ಇನ್ನೊಂದು ಕಾಯಿಲೆ. ಅಂಟು ತೇವ ಹೀರಿಕೊಂಡು ಜಿಗುಟಾಗುತ್ತೆ. ಪ್ಲೇ ಮಾಡಿದರೆ ಕೀರಲು ಸದ್ದು ಬರುತ್ತೆ, ಪುಡಿ ಕಿತ್ತುಕೊಂಡು ಹೆಡ್‌ಗೆ ಮೆತ್ತಿಕೊಳ್ಳುತ್ತೆ. ಇದಕ್ಕೆ ಮದ್ದು ಕೇಳಿದರೆ ನಗು ಬರಬಹುದು: ಟೇಪನ್ನು 'ಬೇಯಿಸ್ತಾರೆ'. ನಿಯಂತ್ರಿತ ಬಿಸಿಯಲ್ಲಿ, ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟರೆ ತೇವ ಹೋಗಿ, ಟೇಪು ಕೆಲವು ವಾರದ ಮಟ್ಟಿಗೆ ಓಡೋ ಸ್ಥಿತಿಗೆ ಬರುತ್ತೆ. ಅಷ್ಟರಲ್ಲಿ ಕಾಪಿ ಮಾಡ್ಕೋಬೇಕು. ಅಡುಗೆಮನೆ ಓವನ್‌ನಲ್ಲಿ ಮಾತ್ರ ಇದನ್ನು ಮಾಡಬೇಡಿ. ಎಲ್ಲ ಬಗೆಯ ಟೇಪಿಗೂ ಇದು ಆಗಿಬರಲ್ಲ. ಇನ್ನೂ ಹಳೇ ಕಾಲದ ಅಸಿಟೇಟ್ ಟೇಪನ್ನು ಬಿಸಿ ಮಾಡಿದರೆ ಹಾಳು.

ಆಮೇಲೆ ಹೆಡ್‌ನ ಕೋನ. ಇದಕ್ಕೆ ಅಜಿಮತ್ ಅಂತಾರೆ. ಅವತ್ತು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಒಂದು ಕೂದಲೆಳೆ ಓರೆಯಾಗಿದ್ದರೆ, ಇವತ್ತು ಪ್ಲೇ ಮಾಡೋ ಹೆಡ್ಡೂ ಅಷ್ಟೇ ಓರೆಯಾಗಬೇಕು. ಇಲ್ಲದಿದ್ದರೆ ಝಲ್ಲರಿಯಂಥ ಮೇಲಿನ ಸದ್ದೆಲ್ಲ ಮಾಯ. ಪುಟ್ಟ ಸ್ಕ್ರೂಡ್ರೈವರ್ ಹಿಡಿದು, ಕಿವಿಯಿಂದ ಕೇಳ್ತಾ, ಹೆಡ್ ಪಕ್ಕದ ಸ್ಕ್ರೂವನ್ನು ಒಂಚೂರು ಒಂಚೂರೇ ತಿರುಗಿಸ್ತಾರೆ. ಮಂಕಾಗಿದ್ದ ಘಟದ ಪೆಟ್ಟು ಒಂದು ಹಂತದಲ್ಲಿ 'ಠಣ್' ಅಂತ ಬಿಚ್ಚಿಕೊಳ್ಳುತ್ತೆ. ಇಲ್ಲಿ ಬಿಟ್ಟಿದ್ದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಟ್ರೆಬಲ್ ಏರಿಸಿ ತರೋಕೆ ಹೋದರೆ ಏರೋದು ಹಿಸ್ ಮಾತ್ರ.

ತಂಬೂರಿ ಹೇಳೋ ಸತ್ಯ

ಈಗ ವೇಗದ ಮಾತು. ಅವತ್ತು ರೆಕಾರ್ಡರ್‌ನ ಬ್ಯಾಟರಿ ಇಳಿದಿತ್ತು ಅಂದುಕೊಳ್ಳಿ. ಟೇಪು ನಿಧಾನವಾಗಿ ಓಡಿರುತ್ತೆ. ಇವತ್ತು ಸರಿಯಾದ ವೇಗದ ಯಂತ್ರದಲ್ಲಿ ಹಾಕಿದರೆ ಹಾಡು ಬೇಗ ಬೇಗ ಓಡುತ್ತೆ, ಶ್ರುತಿಯೂ ಮೇಲೇರುತ್ತೆ. ವೇಗ ಸುಮಾರು ನೂರಕ್ಕೆ ಆರರಷ್ಟು ಹೆಚ್ಚಾದರೆ ಸಾಕು, ಹಾರ್ಮೋನಿಯಂನಲ್ಲಿ ಪಕ್ಕದ ಕೀಗೆ ಹೋದಂತೆ. ಯಾರದೋ ಗಂಭೀರ ಕಂಠ ತೆಳುವಾಗಿ ಕೇಳಿದರೆ ತಪ್ಪು ಅವರದಲ್ಲ, ಬ್ಯಾಟರಿಯದ್ದು. ಬ್ಯಾಟರಿ ಮೆಲ್ಲಗೆ ಇಳೀತಾ ಹೋಗಿದ್ದರೆ ಕಛೇರಿ ಉದ್ದಕ್ಕೂ ಶ್ರುತಿ ಏರ್ತಾನೇ ಹೋಗುತ್ತೆ.

ಇದನ್ನು ಸರಿ ಮಾಡೋಕೆ ಒಂದು ಅಳತೆಗೋಲು ಬೇಕು. ನಮ್ಮ ಸಂಗೀತದಲ್ಲಿ ಅದು ಟೇಪಿನ ಒಳಗೇ ಇದೆ: ತಂಬೂರಿ. ಕಛೇರಿ ಶುರುವಾದಾಗಿಂದ ಮುಗಿಯೋವರೆಗೆ ಅದೇ ಷಡ್ಜ, ಅದೇ ಪಂಚಮ. ಮಧ್ಯೆ ಕಲಾವಿದರು ಒಂಚೂರು ಶ್ರುತಿ ಸರಿ ಮಾಡ್ಕೋಬಹುದು, ಅದು ಬಿಟ್ಟರೆ ಅಲುಗೋ ಹಾಗಿಲ್ಲ. ಹಾಗಾಗಿ ತಂಬೂರಿ ಏರಿಳಿದರೆ ಏರಿಳಿದಿದ್ದು ಟೇಪು ಅಂತಲೇ ಅರ್ಥ. ಎಷ್ಟು ಅಂತ ಅಳೆದು, ಅಷ್ಟೇ ವೇಗ ತಿದ್ದಬಹುದು. ಆ ಗಾಯಕರು ಸಾಮಾನ್ಯವಾಗಿ ಯಾವ ಶ್ರುತಿಯಲ್ಲಿ ಹಾಡ್ತಿದ್ದರು ಅನ್ನೋದಕ್ಕೆ ಅದೇ ಕಾಲದ ಬೇರೆ ಒಳ್ಳೆ ರೆಕಾರ್ಡಿಂಗ್ ಜೊತೆ ಹೋಲಿಸ್ತಾರೆ. ಹಾಲ್‌ನ ಮೈಕ್ ಸೆಟ್‌ನಿಂದ ಸೇರಿಕೊಂಡ ಕರೆಂಟಿನ 'ಹ್ಮ್ಮ್' ಸದ್ದೂ ಸಾಕ್ಷಿಗೆ ಬರುತ್ತೆ. ನಮ್ಮ ಕರೆಂಟು 50 ಹರ್ಟ್ಜ್ ಆಸುಪಾಸು ತಾನೇ? ಆ ಹಮ್ 53ರಲ್ಲಿ ಕೇಳಿದರೆ ಟೇಪು ಜೋರಾಗಿ ಓಡ್ತಿದೆ ಅಂತ ಅನುಮಾನ ಪಡಬೇಕು. ಎಲ್ಲರೂ ಕಸ ಅಂತ ಬಿಸಾಕೋ ಹಮ್ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಅದೇ ತಂಬೂರಿ ಕಸವಾದಾಗ

ಈಗ ಅಸಲಿ ಸಮಸ್ಯೆ. ನಾಯ್ಸ್ ತೆಗೆಯೋ ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತೆ? ಹಾಡು ಇಲ್ಲದ ಒಂದೆರಡು ಸೆಕೆಂಡ್ ಆರಿಸಿ 'ಇದು ನಾಯ್ಸ್' ಅಂತ ತೋರಿಸ್ತೀವಿ. ಅದು ಆ ಮಾದರಿಯನ್ನು ಕಲಿತು, ಇಡೀ ರೆಕಾರ್ಡಿಂಗ್‌ನಲ್ಲಿ ಅಂಥದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ತಗ್ಗಿಸುತ್ತೆ. ಬದಲಾಗದೆ ಒಂದೇ ಸಮ ಇರೋದು ನಾಯ್ಸ್, ಬದಲಾಗ್ತಾ ಇರೋದು ಸಂಗೀತ. ಸ್ಥೂಲವಾಗಿ ಅದರ ತರ್ಕ ಇಷ್ಟೇ.

ನಮ್ಮ ಕಛೇರಿಯಲ್ಲಿ ಬದಲಾಗದೆ ಒಂದೇ ಸಮ ಇರೋದು ಯಾವುದು? ತಂಬೂರಿ! ಹಾಡು ನಿಂತ 'ಖಾಲಿ' ಜಾಗದಲ್ಲೂ ಅದು ಮೀಟ್ತಾನೇ ಇರುತ್ತೆ. ಅದನ್ನೇ ನಾಯ್ಸ್ ಅಂತ ತೋರಿಸಿದರೆ ಸಾಫ್ಟ್‌ವೇರ್ ಪಾಪ ಹೇಳಿದ ಹಾಗೆ ಮಾಡುತ್ತೆ.

ಈ ಸಂಚಿಕೆಗೋಸ್ಕರ ನಾನೊಂದು ಪ್ರಯೋಗ ಮಾಡಿದೆ. ನಮ್ಮ ಸೋದರಮಾವ ರೆಕಾರ್ಡ್ ಮಾಡಿಟ್ಟಿದ್ದ ಒಂದು ಕಛೇರಿ ಕ್ಯಾಸೆಟ್ಟನ್ನು ಕಂಪ್ಯೂಟರ್‌ಗೆ ಹಾಕ್ಕೊಂಡು, ಒಂದು ಕಾಪಿ ಮೇಲೆ ಬೇಕಂತಲೇ ನಾಯ್ಸ್ ರಿಡಕ್ಷನ್ ಪೂರ್ತಿ ಏರಿಸಿದೆ. ಬಳಸಿದ್ದು ಆಡಾಸಿಟಿ, ಉಚಿತವಾಗಿ ಸಿಗೋ ಸಾಫ್ಟ್‌ವೇರ್. ಅದರಲ್ಲಿ ರೆಸಿಡ್ಯೂ ಅನ್ನೋ ಆಯ್ಕೆ ಇದೆ. ಅಂದರೆ ಉಳಿಯೋದನ್ನಲ್ಲ, ತೆಗೆದು ಬಿಸಾಕ್ತಿರೋದನ್ನು ಕೇಳಿಸುತ್ತೆ. ಒತ್ತಿ ಕೇಳಿದೆ. ಹಿಸ್ ಇತ್ತು, ಸರಿ. ಅದರ ಜೊತೆಗೆ ಇಡೀ ತಂಬೂರಿ ಅಲ್ಲಿತ್ತು. ಗಾಯಕರು ಮೆಲುದನಿಯಲ್ಲಿ ಮಂದ್ರಕ್ಕೆ ಇಳಿದ ಕೊನೆಯ ಎಳೆ ಅಲ್ಲಿತ್ತು. 'ಸ', 'ಶ' ಅಕ್ಷರಗಳ ಅಂಚು, ಮೃದಂಗದ ಪೆಟ್ಟಾದ ಮೇಲಿನ ಗುಂಗು, ಯಾರೋ ಮುಂದಿನ ಸಾಲಿನವರು ತೊಡೆ ಮೇಲೆ ತಾಳ ಹಾಕೋ ಸದ್ದು, ಎಲ್ಲ ಆ ಕಸದ ಬುಟ್ಟಿಯಲ್ಲಿತ್ತು. ಈ ಕಡೆ 'ಶುದ್ಧ'ವಾದ ಫೈಲ್‌ನಲ್ಲಿ ಗಾಯಕರು ಒಬ್ಬರೇ ಖಾಲಿ ಕೋಣೆಯಲ್ಲಿ ಕೂತು ಹಾಡಿದಂತಿತ್ತು.

ಅದಕ್ಕೇ ಈ ಕೆಲಸ ಬಲ್ಲವರು ಎರಡು ನಿಯಮ ಪಾಲಿಸ್ತಾರೆ. ಒಂದು, ತೆಗೆದಿದ್ದನ್ನು ಪ್ರತಿ ಸಲ ಕೇಳಿ ನೋಡೋದು. ಅದರಲ್ಲಿ ಸಂಗೀತ ಕೇಳಿದರೆ ಕೈ ಹಿಂದೆ ತಗೊಳ್ಳೋದು. ಎರಡು, ಹಿಸ್ಸನ್ನು ಪೂರ್ತಿ ಅಳಿಸದೆ ಒಂದಷ್ಟು ತಗ್ಗಿಸಿ ಬಿಡೋದು. ಸಣ್ಣಗೆ ಒಂದೇ ಸಮ ಇರೋ ಹಿಸ್ಸನ್ನು ನಮ್ಮ ಕಿವಿ ಎರಡು ನಿಮಿಷದಲ್ಲಿ ಮರೆತುಬಿಡುತ್ತೆ. ಆದರೆ ಬಂದು ಬಂದು ಹೋಗೋ ಆ ನೀರಿನ ಗುಳುಗುಳು ಸದ್ದು ಕೊನೇವರೆಗೂ ಕಾಡುತ್ತೆ.

ಮತ್ತೆ ಸಭೆಯ ಸದ್ದು? ಕೆಮ್ಮು, ಕುರ್ಚಿ ಎಳೆದದ್ದು, ಹೊರಗಿನ ಲಾರಿ ಹಾರ್ನ್, ಇವನ್ನು ತಗ್ಗಿಸೋದು ಸರಿ. ಆದರೆ 'ಭೇಷ್', 'ಕ್ಯಾ ಬಾತ್ ಹೈ', ಸಮಕ್ಕೆ ಬಂದಾಗ ಇಡೀ ಸಭೆ ಒಟ್ಟಿಗೆ ಬಿಡೋ ಉಸಿರು? ಗಾಯಕರು ಆ 'ಭೇಷ್' ಕೇಳಿಯೇ ಅದೇ ಜಾಗಕ್ಕೆ ಮತ್ತೊಮ್ಮೆ ಬಂದಿರ್ತಾರೆ. ಅದನ್ನು ತೆಗೆದರೆ ಅವರು ಯಾಕೆ ಮರಳಿ ಬಂದರು ಅನ್ನೋದೇ ಗೊತ್ತಾಗಲ್ಲ.

ಬೀಟಲ್ಸ್ ಮತ್ತು 17 ಸಾವಿರ ಜನರ ಕಿರುಚಾಟ

ಸಭೆಯ ಸದ್ದಿನ ವಿಷಯಕ್ಕೆ ಬಂದರೆ ಈ ಕಥೆ ಹೇಳಲೇಬೇಕು. ಲಾಸ್ ಏಂಜಲಿಸ್‌ನ ಹಾಲಿವುಡ್ ಬೌಲ್ ಅನ್ನೋ ಬಯಲು ರಂಗಮಂದಿರ. 1964ರ ಆಗಸ್ಟ್‌ನಲ್ಲಿ, ಮತ್ತೆ 1965ರ ಆಗಸ್ಟ್‌ನಲ್ಲಿ ಅಲ್ಲಿ ಬೀಟಲ್ಸ್ ಹಾಡಿದರು. ರೆಕಾರ್ಡ್ ಮಾಡಿದ್ದು ಮೂರೇ ಟ್ರ್ಯಾಕ್‌ನ ಟೇಪಿಗೆ. 17 ಸಾವಿರಕ್ಕೂ ಹೆಚ್ಚು ಜನ, ಒಂದೇ ಸಮನೆ ಕಿರುಚಾಟ. ಸದ್ದು ಚೆನ್ನಾಗಿಲ್ಲ ಅಂತ ಟೇಪು ಹನ್ನೆರಡು ವರ್ಷ ಕಪಾಟಿನಲ್ಲೇ ಉಳೀತು.

1977ರಲ್ಲಿ ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದನ್ನು ಕೈಗೆತ್ತಿಕೊಂಡಾಗ ಓಡೋ ಸ್ಥಿತಿಯಲ್ಲಿದ್ದ ಹಳೇ ಮೂರು ಟ್ರ್ಯಾಕ್ ಯಂತ್ರ ಸಿಗೋದೇ ಕಷ್ಟ ಆಗಿತ್ತು. ಸಿಕ್ಕ ಯಂತ್ರವೂ ಕಾದು ನಿಲ್ತಿತ್ತು. ವ್ಯಾಕ್ಯೂಮ್ ಕ್ಲೀನರ್‌ಗಳಿಂದ ಅದಕ್ಕೆ ತಣ್ಣನೆ ಗಾಳಿ ಊದಿಸಿ ಟೇಪನ್ನು ಹೊಸ ಟೇಪಿಗೆ ಇಳಿಸಿಕೊಂಡರು! 2016ರಲ್ಲಿ ಅವರ ಮಗ ಜೈಲ್ಸ್ ಮಾರ್ಟಿನ್ ಮತ್ತೆ ಅದೇ ಕಛೇರಿಗೆ ಬಂದರು. ಆ ಹೊತ್ತಿಗೆ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದ ಜೇಮ್ಸ್ ಕ್ಲಾರ್ಕ್ ಒಂದು ಸಾಫ್ಟ್‌ವೇರ್ ಮಾಡಿದ್ದರು. ಬೆರೆತುಹೋದ ಗಿಟಾರ್, ಡ್ರಮ್, ದನಿ, ಕಿರುಚಾಟಗಳನ್ನು ಬೇರೆ ಬೇರೆ ಎಳೆಯಾಗಿ ಬಿಡಿಸೋದು ಅದರ ಕೆಲಸ.

ಕಿರುಚಾಟ ಬೇರೆಯಾಯ್ತು. ಪೂರ್ತಿ ಬಿಸಾಕಬಹುದಿತ್ತಾ? ಬಿಸಾಕಲಿಲ್ಲ. ತಗ್ಗಿಸಿ, ಹಿಂದಕ್ಕೆ ಸರಿಸಿ, ಹಾಡು ಮುಂದೆ ಬರೋ ಹಾಗೆ ಮಾಡಿದರು. ಕಿರುಚಾಟವೇ ಇಲ್ಲದ 1964ರ ಬೀಟಲ್ಸ್ ಕಛೇರಿ ಅನ್ನೋದು ನಡೆದೇ ಇರಲಿಲ್ಲವಲ್ಲ.

ಇಂಥ ಬಿಡಿಸೋ ತಂತ್ರ ಈಗ ನಮ್ಮ ಫೋನ್ ಆ್ಯಪ್‌ಗಳಿಗೂ ಬಂದಿದೆ. ಒಂದು ಎಚ್ಚರ ಮಾತ್ರ ಇರಲಿ. ಇದ್ದದ್ದನ್ನು ಬೇರೆ ಮಾಡೋ ಎಐ ಬೇರೆ, ಇಲ್ಲದ್ದನ್ನು ಊಹಿಸಿ ತುಂಬೋ ಎಐ ಬೇರೆ. ಎರಡನೆಯದು ಒಂದು ಗಮಕವನ್ನು 'ಸುಧಾರಿಸಿ' ಕೊಟ್ಟರೆ ಅದು ಆ ಗಾಯಕರ ಗಮಕ ಅಲ್ಲ. ಮುಂದೆ ಯಾರೋ ವಿದ್ಯಾರ್ಥಿ ಅದನ್ನೇ ಕೇಳಿ ಕಲೀತಾರೆ ಅನ್ನೋದು ನೆನಪಿರಲಿ.

ಸಮಯ ಎಷ್ಟಿದೆ?

ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಒಂದು ಎಚ್ಚರಿಕೆ ಕೊಟ್ಟಿತ್ತು: 2025ರ ಒಳಗೆ ಡಿಜಿಟಲ್ ಆಗದ ಟೇಪುಗಳಲ್ಲಿ ಬಹುಪಾಲು ಕಳೆದುಹೋದಂತೆಯೇ ಲೆಕ್ಕ ಅಂತ. ಯುನೆಸ್ಕೋ ಕೂಡ 2019ರಲ್ಲಿ ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ ಇಂಥದೇ ಕರೆ ಕೊಟ್ಟಿತು. ಆ ಗಡುವು ಈಗ ಮುಗಿದಿದೆ. ಅದರರ್ಥ ಎಲ್ಲ ಟೇಪೂ ಒಂದೇ ದಿನ ಸತ್ತವು ಅಂತಲ್ಲ. ಟೇಪು ಇನ್ನೂ ಇರುತ್ತೆ, ಓಡಿಸೋ ಒಳ್ಳೆ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಸಿಗೋದು ವರ್ಷದಿಂದ ವರ್ಷಕ್ಕೆ ಕಷ್ಟವಾಗ್ತಿದೆ.

ಹಾಗಾಗಿ ನಾಯ್ಸ್ ತೆಗೆಯೋಕೆ ಅವಸರ ಬೇಡ, ಕಾಪಿ ಮಾಡ್ಕೊಳ್ಳೋಕೆ ಅವಸರ ಇರಲಿ. ಇವತ್ತಿನ ಸಾಫ್ಟ್‌ವೇರ್‌ಗಿಂತ ಹತ್ತು ವರ್ಷ ಬಿಟ್ಟು ಬರೋದು ಚೆನ್ನಾಗಿರುತ್ತೆ, 1977 ಮತ್ತು 2016ರ ನಡುವೆ ಆದ ಹಾಗೆ. ಆದರೆ ಅದಕ್ಕೆ ಕೊಡೋಕೆ ನಮ್ಮ ಹತ್ತಿರ ಏನೂ ತಿದ್ದದ ಮೂಲ ಕಾಪಿ ಇರಬೇಕು.

ನಿಮ್ಮ ಮನೆಯಲ್ಲಿ ಟೇಪ್ ಇದ್ದರೆ

ಒಂದು: ಸಿಕ್ಕ ತಕ್ಷಣ ಯಾವುದೋ ಹಳೇ ಟೇಪ್‌ರೆಕಾರ್ಡರ್‌ಗೆ ತುರುಕಬೇಡಿ. ಬೂಷ್ಟು, ಜಿಗುಟು ಇದೆಯಾ ನೋಡಿ. ಇದ್ದರೆ ಬಲ್ಲವರ ಕೈಗೆ ಕೊಡಿ.

ಎರಡು: ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಅದು ಒಣಗಿದ ಮೇಲೆ ಪ್ಲೇ ಮಾಡಿ. ಸ್ಪೀಕರ್ ಮುಂದೆ ಫೋನ್ ಹಿಡಿಯೋದು ಬೇಡ, ಡೆಕ್‌ನಿಂದ ಆಡಿಯೋ ಇಂಟರ್‌ಫೇಸ್‌ಗೆ ನೇರ ವೈರ್ ಹಾಕಿ.

ಮೂರು: ಎಂಪಿ3 ಬೇಡ, ವೇವ್ ಫೈಲ್ ಆಗಲಿ. ಸಂಗ್ರಹಾಲಯಗಳು ಸಾಮಾನ್ಯವಾಗಿ ಇಡೋದು 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ. ಸ್ಟೀರಿಯೋ ಆದರೆ ಗಂಟೆಗೆ ಸುಮಾರು 2 ಜಿಬಿ. ಆ ಫೈಲನ್ನು ಎರಡು ಮೂರು ಕಡೆ ಇಟ್ಟು, ಮುಟ್ಟಬೇಡಿ. ತಿದ್ದೋದೇನಿದ್ದರೂ ಅದರ ಕಾಪಿ ಮೇಲೆ.

ನಾಲ್ಕು: ಮನೆಯಲ್ಲಿ ಉಳಿಸಿಕೊಳ್ಳೋದು ಬೇರೆ, ಯೂಟ್ಯೂಬಿಗೆ ಹಾಕೋದು ಬೇರೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಛೇರಿ ಮಾಡಿದ ಕಲಾವಿದರಿಗೂ ಹಕ್ಕಿದೆ, ಅದರ ಅವಧಿ 50 ವರ್ಷ. ಹಾಕೋ ಮೊದಲು ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿ. ಎಷ್ಟೋ ಸಲ ಅವರ ಹತ್ತಿರವೇ ಆ ಕಛೇರಿ ಇರೋದಿಲ್ಲ, ಕೇಳಿ ಖುಷಿಪಡ್ತಾರೆ.

ಐದನೆಯದಕ್ಕೆ ಯಂತ್ರವೂ ಬೇಡ, ಇವತ್ತೇ ಮಾಡಬಹುದು. ಕ್ಯಾಸೆಟ್ಟಿನ ಲೇಬಲ್ಲಿನ ಫೋಟೋ ತೆಗೀರಿ. ಆಮೇಲೆ ಅಜ್ಜಿ ತಾತನ ಹತ್ತಿರ, ಮಾವನ ಹತ್ತಿರ ಕೂತು ಕೇಳಿ: ಇದು ಯಾವ ಊರು, ಯಾವ ವರ್ಷ, ಪಿಟೀಲು ಯಾರು, ಮೃದಂಗ ಯಾರು, 'ಭೇಷ್' ಅಂತಿರೋ ಆ ದನಿ ಯಾರದ್ದು? ಅವರು ಹೇಳಿದ್ದನ್ನು ಫೋನಲ್ಲೇ ರೆಕಾರ್ಡ್ ಮಾಡಿ, ಆಡಿಯೋ ಫೈಲಿನ ಜೊತೆಯಲ್ಲೇ ಇಡಿ. ಟೇಪಿನ ಮೇಲೆ ಬರೆಯದೇ ಬಿಟ್ಟ ಈ ವಿವರ ಇರೋದು ಅವರ ನೆನಪಿನಲ್ಲಿ ಮಾತ್ರ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಯಾವ ಕಛೇರಿಯ ಟೇಪ್ ಸಿಕ್ಕಿತು ಅಂತ ನಮಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.